ರೆಟ್ ಸಿಂಡ್ರೋಮ್: ಹಲ್ಲು ಕಡಿಯುವುದು ಆಮೇಲೆ, ಬಾಯಿ ಮೊದಲು

"ಡಾಕ್ಟ್ರೇ, ಇವಳು ಎಚ್ಚರ ಇದ್ದಷ್ಟು ಹೊತ್ತೂ ಹಲ್ಲು ಕಡಿಯುತ್ತಾಳೆ." ಕೇರಳದ ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆಯಿಂದ ಬರುವ ಅಮ್ಮಂದಿರ ಮೊದಲ ಮಾತು ಇದು. ರೆಟ್ ಸಿಂಡ್ರೋಮ್ ಮೆದುಳಿನ ಬೆಳವಣಿಗೆಗೆ ತೊಡಕಾಗಿ ಮಾತು, ಕೈಬಳಕೆ ಕಳೆದುಹೋಗುವ ರೋಗ. ಕಾರಣ ಎಕ್ಸ್ ಕ್ರೋಮೋಸೋಮಿನ ಎಂಇಸಿಪಿ2 ಜೀನಿನ ದೋಷ, ಹೆಚ್ಚಾಗಿ ಬರುವುದು ಹೆಣ್ಣುಮಕ್ಕಳಿಗೆ. ಹಲ್ಲು ಸವೆದಿರುತ್ತದೆ, ನಿಜ. ಆದರೂ ನಾನು ಮೊದಲು ಟಾರ್ಚ್ ಹಿಡಿಯುವುದು ಹಿಂದಿನ ದವಡೆಗೆ, ಕೆನ್ನೆಯ ಸಂದಿಗೆ, ಅಂಗುಳಕ್ಕೆ. ಅಂಗುಳ ಇಕ್ಕಟ್ಟಾಗಿ ಎತ್ತರವಿದ್ದರೆ ಬೆಲ್ಲ ಹಾಕಿದ ರಾಗಿ ಮಣ್ಣಿ ಅಲ್ಲೇ ಅಂಟಿ ಒಣಗಿರುತ್ತದೆ. ನೋವು ಇವರಲ್ಲಿ ತಡವಾಗಿ ಹೊರಗೆ ಕಾಣುತ್ತದೆ. ಕಾರಣ ಸಿಗದ ಅಳು, ಹೆಚ್ಚಿದ ಕೈ ಕಚ್ಚುವಿಕೆ, ಊಟಕ್ಕೆ ಬಾಯಿ ತೆರೆಯದಿರುವುದು, ಇಷ್ಟಿದ್ದರೆ ಹಲ್ಲನ್ನೇ ಸಂಶಯಿಸಬೇಕು.

ಬ್ರಶ್ ಮಾಡಲು ಅವಳನ್ನು ಮಲಗಿಸಬಾರದು, ನೊರೆ ಶ್ವಾಸಕೋಶಕ್ಕೆ ಹೋಗಬಹುದು. ಒರಗಿಸಿ ಕೂರಿಸಿ, ಗದ್ದ ತುಸು ಕೆಳಗೆ ಬರುವಂತೆ ಹಿಂದಿನಿಂದ ತಲೆಗೆ ಆನಿಕೆ ಕೊಡಿ. ಬ್ರಶ್ ತೋರಿಸಿ, ಹೇಳಿ, ಹತ್ತು ಹದಿನೈದು ಸೆಕೆಂಡು ಸುಮ್ಮನೆ ಕಾಯಿರಿ. ಕಣ್ಣು ಬ್ರಶ್ಶಿನ ಕಡೆ ತಿರುಗುತ್ತದೆ, ಅದೇ ಅವಳ ಉತ್ತರ. ಉಸಿರು ಬಿಗಿ ಹಿಡಿದಾಗ, ಇಲ್ಲವೇ ಏದುಸಿರು ಬಂದಾಗ ನಿಲ್ಲಿಸಿ. ದೊಡ್ಡ ಹೆಂಗಸಾದರೂ ಮಕ್ಕಳ ಸಣ್ಣ ತಲೆಯ ಮೆತ್ತನೆ ಬ್ರಶ್ಶೇ ಒಳ್ಳೆಯದು. 1000 ಪಿಪಿಎಂ ಫ್ಲೋರೈಡ್ ಪೇಸ್ಟ್ ಅಕ್ಕಿಕಾಳಿನಷ್ಟು ಸಾಕು, ನೊರೆ ಕಮ್ಮಿ ಬರುವುದನ್ನೇ ಆರಿಸಿ. ತೋರುಬೆರಳಿನಿಂದ ಕೆನ್ನೆ ಸರಿಸಿ, ಹಲ್ಲುಗಳ ನಡುವೆ ಮಾತ್ರ ಬೆರಳು ಇಡಬೇಡಿ. ಕಚ್ಚಿ ಹಿಡಿದರೆ ಬಿಡಿಸಿಕೊಳ್ಳುವುದು ಸುಲಭವಲ್ಲ. ವಾಂತಿ ಅಥವಾ ಹುಳಿತೇಗು ಬಂದಿದ್ದರೆ ಒದ್ದೆ ಗಾಜ್‌ನಿಂದ ಒರೆಸಿ, ಅರ್ಧ ಗಂಟೆ ಬಿಟ್ಟು ಬ್ರಶ್ ಮಾಡಿ.

ಎಡವಟ್ಟಾಗುವುದು ಬ್ರಶ್ ಆದ ಮೇಲೆ. ರಾತ್ರಿ ಹಲ್ಲುಜ್ಜಿಸಿ, ಅಪಸ್ಮಾರದ ಸಿಹಿ ಸಿರಪ್ ಕುಡಿಸಿ ಮಲಗಿಸುತ್ತಾರೆ. ಆ ಸಕ್ಕರೆ ಬೆಳಗಿನವರೆಗೂ ಹಲ್ಲಿನ ಮೇಲೆ ಕೂರುತ್ತದೆ. ಮದ್ದು ಮೊದಲು, ಬ್ರಶ್ ಕೊನೆಗೆ. ಇದನ್ನು ಕನ್ನಡದಲ್ಲೇ ಬರೆದು ಕೊಡುತ್ತೇನೆ. ಆಸ್ಪತ್ರೆಯ ಮಲಯಾಳ ಚೀಟಿ ಅಜ್ಜಿಗೆ ಓದಲು ಬರುವುದಿಲ್ಲ, ಎಷ್ಟೋ ಮನೆಗಳಲ್ಲಿ ರಾತ್ರಿಯ ಮದ್ದು ಅವರ ಕೈಯಲ್ಲೇ. ಸಕ್ಕರೆಯಿಲ್ಲದ ಸಿರಪ್ ಇದೆಯೇ ಎಂದು ನ್ಯೂರಾಲಜಿಸ್ಟರನ್ನು ಕೇಳಿ. ಮಾತ್ರೆಯನ್ನು ನೀವಾಗಿ ಪುಡಿ ಮಾಡಬೇಡಿ, ನಿಧಾನ ಕರಗುವ ಮಾತ್ರೆ ಹಾಗೆ ಕೊಡುವಂಥದ್ದಲ್ಲ. ಅಪಸ್ಮಾರದ ಮದ್ದು ಫೆನಿಟಾಯಿನ್ ತೆಗೆದುಕೊಳ್ಳುವವರಲ್ಲಿ ವಸಡು ಊದಿ ಹಲ್ಲನ್ನು ಮುಚ್ಚಬಹುದು, ಕೊಳೆ ನಿಂತಷ್ಟೂ ಅದು ಹೆಚ್ಚು.

ಹಲ್ಲು ಕಡಿಯುವುದಕ್ಕೆ ಪ್ಲಾಸ್ಟಿಕ್ ಗಾರ್ಡ್ ಮಾಡಿಕೊಡಿ ಎಂದು ಕೇಳುತ್ತಾರೆ. ಫಿಟ್ಸ್ ಬರುವವರಿಗೆ ನಾನು ಕೊಡುವುದಿಲ್ಲ, ಮುರಿದ ತುಂಡು ಗಂಟಲಿಗೆ ಇಳಿದರೆ ಗತಿಯೇನು? ಒಳಗಿನ ಹಳದಿ ಪದರ ಕಾಣತೊಡಗಿದ ಹಲ್ಲಿಗೆ ಕವಚದ (ಕ್ರೌನ್) ಯೋಚನೆ ಮಾಡಬಹುದು.

ಸಣ್ಣ ಹುಳುಕಿಗೆ ನನ್ನ ಆಯ್ಕೆ 38% ಸಿಲ್ವರ್ ಡೈಅಮೀನ್ ಫ್ಲೋರೈಡ್, ಹುಳುಕು ಹಬ್ಬದಂತೆ ತಡೆಯುವ ದ್ರವ. ಡ್ರಿಲ್ ಇಲ್ಲ, ನೀರಿಲ್ಲ. ತುಟಿಗೆ ವ್ಯಾಸಲೀನ್ ಸವರಿ, ಹಲ್ಲನ್ನು ಗಾಜ್‌ನಿಂದ ಒಣಗಿಸಿ, ಹನಿ ಮುಟ್ಟಿಸಿ ಒಂದು ನಿಮಿಷ. ಹುಳುಕು ಕಪ್ಪಾಗುತ್ತದೆಂದು ಮೊದಲೇ ಹೇಳದಿದ್ದರೆ ಮನೆಯವರು ಗಾಬರಿ ಬೀಳುತ್ತಾರೆ. ಮೂರು ತಿಂಗಳಿಗೊಮ್ಮೆ 5% ಸೋಡಿಯಂ ಫ್ಲೋರೈಡ್ ವಾರ್ನಿಶ್. ಹಲ್ಲಿಗೆ ಕಟ್ಟಿದ ಕಲ್ಲು ತೆಗೆಯಲು ನೀರು ಚಿಮ್ಮುವ ಯಂತ್ರ ಬಿಟ್ಟು ಕೈ ಉಪಕರಣ ಹಿಡಿಯುತ್ತೇನೆ. ಇವರ ಎಲುಬು ತೆಳು, ಸುಲಭವಾಗಿ ಮುರಿಯುತ್ತದೆ, ಹಾಗಾಗಿ ಕೈಕಾಲು ಒತ್ತಿ ಹಿಡಿಯುವ ಮಾತೇ ಇಲ್ಲ.

ಹಲ್ಲು ಕೀಳಬೇಕಾದರೆ, ಅಪಸ್ಮಾರದ ಮದ್ದು ವಾಲ್ಪ್ರೋಯೇಟ್ ತೆಗೆದುಕೊಳ್ಳುವವರ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಎಣಿಸಿಯೇ ಕೈ ಹಾಕುವುದು, ಆ ಮದ್ದು ಅದನ್ನು ತಗ್ಗಿಸಬಹುದು. ಅರಿವಳಿಕೆ ಕೊಟ್ಟು ಹಲವು ಹಲ್ಲು ಒಟ್ಟಿಗೆ ಮಾಡುವ ಕೆಲಸವಿದ್ದರೆ ಮಂಗಳೂರಿಗೆ ಕಳಿಸುತ್ತೇನೆ, ಜೊತೆಗೆ ಇಸಿಜಿ ಇರಲೇಬೇಕು. ರೆಟ್‌ನಲ್ಲಿ ಕೆಲವರ ಕ್ಯೂಟಿ ಅವಧಿ (ಹೃದಯ ಬಡಿದು ಮತ್ತೆ ಸಜ್ಜಾಗಲು ಹಿಡಿಯುವ, ಇಸಿಜಿಯಲ್ಲಿ ಕಾಣುವ ಹೊತ್ತು) ಉದ್ದವಿರುತ್ತದೆ, ಹೃದಯದ ಲಯ ತಪ್ಪಬಹುದು. ಸೋಂಕಿಗೆ ಕೊಡುವ ಆ್ಯಂಟಿಬಯೋಟಿಕ್‌ಗಳಾದ ಅಜಿತ್ರೋಮೈಸಿನ್, ಕ್ಲಾರಿತ್ರೋಮೈಸಿನ್, ವಾಂತಿಗೆ ಕೊಡುವ ಒಂಡಾನ್ಸೆಟ್ರಾನ್ ಮೂರೂ ಅದನ್ನು ಇನ್ನಷ್ಟು ಉದ್ದ ಮಾಡುವಂಥವು. ಹಲ್ಲುನೋವೆಂದು ಮೆಡಿಕಲ್ ಶಾಪಿನಲ್ಲಿ ಕೇಳಿ ತಂದುಬಿಡುವ ಮಾತ್ರೆಗಳಲ್ಲಿ ಮೊದಲನೆಯದು ಎಷ್ಟೋ ಸಲ ಇರುತ್ತದೆ, ಹಾಗಾಗಿ ರೋಗದ ಹೆಸರನ್ನು ಚೀಟಿಯ ಮೇಲೆ ದಪ್ಪ ಅಕ್ಷರದಲ್ಲಿ ಬರೆಸಿಕೊಳ್ಳಿ.