ಅಪ್ಪನ ಗ್ರಾಚ್ಯುಟಿ ಲೆಕ್ಕ, ನನ್ನ ಮೊದಲ ಕೆಲಸ

ಆಕ್ಚುರಿ ಕೆಲಸ, ಅಂದರೆ ವಿಮೆ, ಪಿಂಚಣಿಯಂಥವುಗಳಲ್ಲಿ ಮುಂದೆ ಕೊಡಬೇಕಾಗುವ ಹಣವನ್ನು ಅಂದಾಜು ಮಾಡುವ ಕೆಲಸ ಹುಡುಕುತ್ತಿರುವವರು ನನ್ನನ್ನು ಮೊದಲು ಕೇಳುವುದು ಒಂದೇ: ಎಷ್ಟು ಪೇಪರ್ ಪಾಸಾಗಿರಬೇಕು? ನಾನೂ ಅದೇ ಲೆಕ್ಕದಲ್ಲಿದ್ದೆ. ಮೈಸೂರಿನಲ್ಲಿ ಬಿಎಸ್ಸಿ ಮುಗಿಯುವ ಹೊತ್ತಿಗೆ ಇನ್‌ಸ್ಟಿಟ್ಯೂಟ್ ಆಫ್ ಆಕ್ಚುರೀಸ್ ಆಫ್ ಇಂಡಿಯಾದ ಪ್ರವೇಶ ಪರೀಕ್ಷೆ ಎಸೆಟ್ ಪಾಸಾಗಿತ್ತು. ಆಮೇಲೆ ಅದೇ ಸಂಸ್ಥೆಯ ಸಿಎಸ್1, ಸಿಎಂ1, ಸಿಬಿ2 ಅನ್ನುವ ಮೂರು ಪೇಪರ್. ನಲವತ್ತಕ್ಕೂ ಜಾಸ್ತಿ ಕಡೆ ರೆಸ್ಯೂಮೆ ಕಳಿಸಿದೆ. ಕರೆ ಬಂದದ್ದು ಎರಡೇ ಕಡೆಯಿಂದ.

ಮೊದಲನೆಯದು ಬೆಂಗಳೂರಿನ ಒಂದು ವಿಮಾ ಕಂಪನಿ. ಜನ ಪಾಲಿಸಿ ಮಧ್ಯದಲ್ಲೇ ಬಿಟ್ಟರೆ ಕಂಪನಿಗೆ ಲಾಭವೋ ನಷ್ಟವೋ ಅಂತ ಕೇಳಿದರು. ನಷ್ಟ ಅಂದೆ. ಯಾಕೆ ಅಂದರು. ಮಾತು ಹೊರಡಲಿಲ್ಲ. ಹೇಳಬೇಕಿದ್ದದ್ದು ಇಷ್ಟೇ: ಮೊದಲ ವರ್ಷವೇ ಬಿಟ್ಟರೆ ಏಜೆಂಟ್ ಕಮಿಷನ್, ಮೆಡಿಕಲ್ ಟೆಸ್ಟ್ ಖರ್ಚು ಯಾವುದೂ ವಾಪಸ್ ಹುಟ್ಟುವುದಿಲ್ಲ, ಅದೇ ಟರ್ಮ್ ಪಾಲಿಸಿಯನ್ನು (ಅವಧಿಯೊಳಗೆ ಸತ್ತರೆ ಮಾತ್ರ ಹಣ ಕೊಡುವ ವಿಮೆ) ಹದಿನೈದನೇ ವರ್ಷ ಬಿಟ್ಟರೆ ಆ ಪಾಲಿಸಿಗೆ ಅಂತ ಎತ್ತಿಟ್ಟಿದ್ದ ಮೀಸಲು ಹಣ ಕಂಪನಿಗೇ ಉಳಿಯಬಹುದು. ಸೂತ್ರ ಎಲ್ಲ ಗೊತ್ತಿತ್ತು. ಬಾಯಿಬಿಟ್ಟು ಹೇಳಿ ಅಭ್ಯಾಸವೇ ಇರಲಿಲ್ಲ.

ಆ ವಾರ ಮನೆಯಲ್ಲಿದ್ದಾಗ ಅಪ್ಪ ಕೇಳಿದರು, "ನಂಗೆ ಗ್ರಾಚ್ಯುಟಿ ಎಷ್ಟು ಬರುತ್ತಪ್ಪಾ?" ಅವರು ಮಂಡ್ಯದ ಹತ್ತಿರ ಒಂದು ಖಾಸಗಿ ಕಾರ್ಖಾನೆಯಲ್ಲಿದ್ದಾರೆ. ಮೂಲ ವೇತನ, ಡಿಎ ಸೇರಿ ಸುಮಾರು 26,000, ಸರ್ವೀಸು 24 ವರ್ಷ. ಗ್ರಾಚ್ಯುಟಿ ಅಂದರೆ ಕೆಲಸ ಬಿಡುವಾಗ ಕಂಪನಿ ಕೊಡುವ ಮೊತ್ತ, ಸರ್ವೀಸಿನ ಪ್ರತಿ ವರ್ಷಕ್ಕೆ 15 ದಿನದ ಸಂಬಳ. ಇವತ್ತು ಬಿಟ್ಟರೆ 26,000ವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, 24 ವರ್ಷಕ್ಕೆ 3,60,000. ಇದು ಸುಲಭ.

ಆದರೆ ಅಪ್ಪ ಬಿಡುವುದು ಇನ್ನು 6 ವರ್ಷಕ್ಕೆ, ಅಷ್ಟರಲ್ಲಿ ಸಂಬಳವೂ ಏರಿರುತ್ತೆ, ಅಲ್ವಾ? ಈ 24 ವರ್ಷದ ದುಡಿಮೆಗೆ ಕಾರ್ಖಾನೆ ಇವತ್ತೇ ಎಷ್ಟು ತೆಗೆದಿಡಬೇಕು? ಎಕ್ಸೆಲ್ ತೆಗೆದು ಕೂತೆ. ಸಂಬಳ ವರ್ಷಕ್ಕೆ ಶೇ 6 ಏರುತ್ತೆ, ಬಡ್ಡಿ ಶೇ 7 ಅಂತ ಹಿಡಿದರೆ ಸುಮಾರು 3.40 ಲಕ್ಷ. ಏರಿಕೆಯನ್ನು ಶೇ 8 ಮಾಡಿದೆ, 3.80 ಲಕ್ಷಕ್ಕೆ ಹೋಯಿತು. ಒಂದೇ ಸೆಲ್ ಬದಲಾಯಿಸಿದ್ದಕ್ಕೆ 40,000! ಆ ರಾತ್ರಿ ನಿದ್ದೆ ಬರಲಿಲ್ಲ, ಅಷ್ಟು ಖುಷಿ. ಆಮೇಲೆ ಸಾವಿನ ಸಂಭವ, ಕೆಲಸ ಬಿಡುವವರ ಪ್ರಮಾಣ ಸೇರಿಸಿ, ಒಬ್ಬರ ಜಾಗದಲ್ಲಿ ಐವತ್ತು ಜನರ ಸಾಲು ಮಾಡಿದೆ. ಪ್ರತಿ ಕಾಲಮ್ಮನ್ನೂ ಅಪ್ಪನಿಗೆ ವಿವರಿಸುತ್ತಿದ್ದೆ. ಅವರಿಗೆ ಅರ್ಥವಾಗದಿದ್ದರೆ ಮತ್ತೆ ಮೊದಲಿಂದ.

ಎರಡನೇ ಇಂಟರ್‌ವ್ಯೂ ಇಂಥದ್ದೇ ಲೆಕ್ಕ ಮಾಡುವ ಒಂದು ಚಿಕ್ಕ ಕನ್ಸಲ್ಟೆನ್ಸಿಯಲ್ಲಿ. ರೆಸ್ಯೂಮೆಯಲ್ಲಿ ಗ್ರಾಚ್ಯುಟಿ ಮಾಡೆಲ್ ನೋಡಿ ಮೇಡಂ ಕೇಳಿದ್ದು, "30 ಯಾಕಲ್ಲ, 26 ಯಾಕೆ?" ಭಾನುವಾರಗಳನ್ನು ಬಿಟ್ಟರೆ ತಿಂಗಳಿಗೆ 26 ದಿನದ ಕೆಲಸ, ಕಾಯಿದೆಯೂ ಹಾಗೇ ಹೇಳುತ್ತೆ ಅಂದೆ. ಅಲ್ಲಿಂದ ಅರ್ಧ ಗಂಟೆ ಅದೇ ಶೀಟಿನ ಮೇಲೆ ಮಾತು.

ಕೊನೆಗೆ ಒಂದು ಕಂಪನಿಯ 400 ನೌಕರರ ಡೇಟಾ ಕೊಟ್ಟು 45 ನಿಮಿಷ ಕೊಟ್ಟರು. ಲೆಕ್ಕಕ್ಕೆ ಕೈ ಹಾಕದೆ ಮೊದಲು ವಿಂಗಡಿಸಿ ನೋಡಿದೆ. ಒಬ್ಬರ ಹುಟ್ಟಿದ ವರ್ಷ 1900. ಖಾಲಿ ಸೆಲ್ಲನ್ನು ಎಕ್ಸೆಲ್ ಸೊನ್ನೆ ಅಂತ ಓದಿದರೆ ಹೀಗೇ ಆಗುತ್ತೆ. ಇಬ್ಬರು ಹನ್ನೊಂದನೇ ವಯಸ್ಸಿಗೇ ಕೆಲಸಕ್ಕೆ ಸೇರಿದ್ದರು. ಏಳು ಜನರ ಸಂಬಳ ಉಳಿದವರ ಹನ್ನೆರಡರಷ್ಟು, ಅಂದರೆ ತಿಂಗಳ ಕಾಲಮ್ಮಿನಲ್ಲಿ ವರ್ಷದ ಸಂಬಳ ಹಾಕಿದ್ದಾರೆ ಅನ್ನಿಸಿತು. ಯಾವುದನ್ನೂ ನಾನೇ ತಿದ್ದಲಿಲ್ಲ. ಕಂಪನಿಯನ್ನು ಕೇಳಬೇಕಾದ ಪ್ರಶ್ನೆಗಳು ಅಂತ ಪಟ್ಟಿ ಮಾಡಿ ಕೊಟ್ಟೆ. ಟೋಟಲ್ ಮುಗಿಸಲು ಸಮಯ ಸಾಲಲಿಲ್ಲ. ಆದರೂ ತೆಗೆದುಕೊಂಡರು, ಆ ಪಟ್ಟಿ ನೋಡಿಯೇ ಅಂತ ಮೇಡಂ ಆಮೇಲೆ ಹೇಳಿದರು.

ಸೇರಿದ್ದು ಮಾರ್ಚ್ ಕೊನೇ ವಾರ. ಮಾರ್ಚ್ 31ಕ್ಕೆ ಕಂಪನಿಗಳು ಎಷ್ಟು ತೆಗೆದಿಡಬೇಕು ಅನ್ನುವ ಲೆಕ್ಕಗಳು, ಅಂದರೆ ವ್ಯಾಲ್ಯುಯೇಷನ್‌ಗಳು, ಸಾಲುಗಟ್ಟಿ ಕಾಯುತ್ತಿದ್ದವು. ಮೊದಲ ದಿನವೇ ಒಂದು ಕಾರ್ಖಾನೆಯ ಶೀಟು ಕೈಗೆ ಬಂತು, ತೆರೆದ ಕೂಡಲೇ ಹುಟ್ಟಿದ ತಾರೀಖಿನ ಕಾಲಮ್ಮಿಗೆ ಹೋದೆ.