ನಿಕ್ಕಲ್ ಕಾಂಟ್ಯಾಕ್ಟ್‌ನಲ್ಲಿ 200 ಪರ್ಸೆಂಟ್ ಜಿಗಿತ, ಕೊನೆಗೆ ಒಂದು ಹನಿ ಅಂಟು

ಎರಡು ನಿಕ್ಕಲ್ ತಂತಿಗಳ ತುದಿ ತಾಗಿಸಿ, ಕೆಲವೇ ಪರಮಾಣುಗಳಷ್ಟು ಸಣ್ಣ ಕಾಂಟ್ಯಾಕ್ಟ್ ಮಾಡಿ ರೆಸಿಸ್ಟೆನ್ಸ್ ಅಳೆಯುತ್ತಿದ್ದೆ. ಮ್ಯಾಗ್ನೆಟ್ ಆನ್ ಮಾಡಿದರೆ ಸಾಕು, 6 ಕಿಲೋಓಮ್ ಇದ್ದದ್ದು 18ಕ್ಕೆ ಹಾರುತ್ತಿತ್ತು. 1999ರಲ್ಲಿ ಗಾರ್ಸಿಯಾ ಎಂಬ ವಿಜ್ಞಾನಿಯ ತಂಡ ಇಂಥದೇ ನಿಕ್ಕಲ್ ಕಾಂಟ್ಯಾಕ್ಟ್‌ನಲ್ಲಿ ಮ್ಯಾಗ್ನೆಟ್‌ನಿಂದ ರೆಸಿಸ್ಟೆನ್ಸ್ 280 ಪರ್ಸೆಂಟ್ ಬದಲಾಗುತ್ತದೆ ಅಂತ ಹೇಳಿತ್ತಲ್ಲ, ನನಗೂ ಸಿಕ್ಕಿತು ಅಂತ ಎರಡು ದಿನ ಸುಮ್ನೆ ಖುಷಿಪಟ್ಟೆ.

ಆಮೇಲೆ ಅನುಮಾನ ಬಂತು. ಫೀಲ್ಡ್ ಜಾಸ್ತಿ ಆದರೆ ಎರಡೂ ತುದಿಯ ಮ್ಯಾಗ್ನೆಟೈಸೇಷನ್ (ಒಳಗಿನ ಕಾಂತತೆಯ ದಿಕ್ಕು) ಒಂದೇ ಕಡೆ ತಿರುಗಬೇಕು, ಬೇರೆ ಬೇರೆ ದಿಕ್ಕುಗಳ ನಡುವಿನ ಗಡಿ, ಅಂದರೆ ಡೊಮೇನ್ ವಾಲ್, ಹೋಗಬೇಕು, ರೆಸಿಸ್ಟೆನ್ಸ್ ಇಳಿಯಬೇಕು, ಅಲ್ವಾ? ನನ್ನದು ಏರಿದ್ದು ಇಳಿಯಲೇ ಇಲ್ಲ. ಫೀಲ್ಡ್ ಸೊನ್ನೆ ಮಾಡಿದಾಗ ಮಾತ್ರ ವಾಪಸ್ ಬರುತ್ತಿತ್ತು.

ಕಳ್ಳ ಸಿಕ್ಕಿದ್ದು ಲೆಕ್ಕ ಹಾಕಿದಾಗ. ನಿಕ್ಕಲ್ ಫೀಲ್ಡ್‌ನ ದಿಕ್ಕಿನಲ್ಲಿ ಕುಗ್ಗುತ್ತದೆ, ಹತ್ತು ಲಕ್ಷದಲ್ಲಿ ಸುಮಾರು 35 ಭಾಗ. ನನ್ನ ತಂತಿ 2 ಮಿಲಿಮೀಟರ್ ನೇತಾಡುತ್ತಿತ್ತು, ಅಂದರೆ 70 ನ್ಯಾನೋಮೀಟರ್ ಎಳೆತ! ಪರಮಾಣುಗಳ ನಡುವಿನ ದೂರವೇ ಕಾಲು ನ್ಯಾನೋಮೀಟರ್. ಎಲೆಕ್ಟ್ರಾನ್ ಹಾದುಹೋಗುವ ದಾರಿ (ಚಾನೆಲ್) ಒಂದೇ ಇದ್ದರೆ 12.9 ಕಿಲೋಓಮ್ ಆಗುವ ಇಂಥ ಕಡೆ ಒಂದು ಪರಮಾಣು ಜರುಗಿದರೂ ಗ್ರಾಫ್ ಕುಣಿಯುತ್ತದೆ. ಎಲೆಕ್ಟ್ರಾನ್‌ನ ಸ್ಪಿನ್ನೂ (ಅದರದೇ ಪುಟ್ಟ ಕಾಂತಗುಣ) ಇಲ್ಲ ಏನೂ ಇಲ್ಲ, ಬರೀ ಎಳೆದಾಟ.

ಗಾಜಿನ ಸ್ಲೈಡ್ ಮೇಲೆ ತಂತಿಗಳನ್ನು ತುದಿಯವರೆಗೂ ಎಪಾಕ್ಸಿಯಿಂದ ಅಂಟಿಸಿದೆ. ಮೈಕ್ರೋಸ್ಕೋಪ್ ಕೆಳಗೆ, ಸೂಜಿಮೊನೆಯಲ್ಲಿ, ಕೈ ನಡುಗುತ್ತಾ. ಮೊದಲನೆಯದರಲ್ಲಿ ಅಂಟು ನಡುವೆಯೇ ಹರಿದು ಹಾಳಾಯಿತು. ಎರಡನೆಯದರಲ್ಲಿ 20 ಮೈಕ್ರಾನ್ ಸಂದಿ ಉಳಿಸಿ, ಅದರಲ್ಲಿ ನಿಕ್ಕಲ್ ಪ್ಲೇಟಿಂಗ್ ಮಾಡಿ ಕಾಂಟ್ಯಾಕ್ಟ್ ಕೂಡಿಸಿದೆ. ದೊಡ್ಡ ಜಿಗಿತ ಮಾಯ! ಮೂರ್ನಾಲ್ಕು ಪರ್ಸೆಂಟ್ ಬದಲಾವಣೆ ಉಳಿಯಿತು, ಅದೂ ಫೀಲ್ಡ್‌ನ ಕೋನ ತಿರುಗಿಸಿದಂತೆ ಬದಲಾಗುತ್ತದೆ. ಈಗ ಅದನ್ನೇ ಅಳೆಯುತ್ತಿದ್ದೇನೆ.