ಅಂತರರಾಷ್ಟ್ರೀಯ ಕಾನೂನಿನ ಸಂವಾದ: ಮುಂಬಯಿಯ ಕನ್ನಡ ಸಂಘಗಳು ಹೇಗೆ ನಡೆಸಬೇಕು

‘ಜಾಗತಿಕ ನ್ಯಾಯ’ ಎಂದಷ್ಟೇ ವಿಷಯ ಕೊಟ್ಟು ಪ್ರಾಧ್ಯಾಪಕರನ್ನು ಮಾಟುಂಗಕ್ಕೆ ಕರೆಸಿದರೆ ಸಂವಾದ ಭಾಷಣವಾಗಿಬಿಡುತ್ತದೆ. ಒಂದೇ ಪ್ರಕರಣ ಹಿಡಿಯಿರಿ. ಬೇಹುಗಾರಿಕೆಯ ಆರೋಪದಲ್ಲಿ ಪಾಕಿಸ್ತಾನ ಮರಣದಂಡನೆ ವಿಧಿಸಿದ ಭಾರತೀಯ ಕುಲಭೂಷಣ್ ಜಾಧವ್ ಪ್ರಕರಣದಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ 2019ರ ಜುಲೈ 17ರಂದು ಕೊಟ್ಟ ತೀರ್ಪು ಒಳ್ಳೆಯ ಆರಂಭ. ತೀರ್ಪು ಆ ನ್ಯಾಯಾಲಯದ ಜಾಲತಾಣದಲ್ಲೇ ಸಿಗುತ್ತದೆ. ಪೂರ್ತಿ ಆಗದಿದ್ದರೆ ಕೊನೆಯ ಆದೇಶವನ್ನಾದರೂ ಓದಿಕೊಳ್ಳಿ. ಬಂಧಿತ ವಿದೇಶಿಯರಿಗೆ ಅವರ ದೇಶದ ರಾಯಭಾರ ಕಚೇರಿಯ ಅಧಿಕಾರಿಗಳ ಸಂಪರ್ಕ ಕೊಡಬೇಕೆನ್ನುವ 1963ರ ವಿಯೆನ್ನಾ ಒಪ್ಪಂದದ 36ನೇ ವಿಧಿಯನ್ನು ಪಾಕಿಸ್ತಾನ ಮುರಿದಿದೆ, ಶಿಕ್ಷೆಯನ್ನು ಮರುಪರಿಶೀಲಿಸಬೇಕು ಎಂದಿತೇ ಹೊರತು, ಬಿಡುಗಡೆಗೆ ಆದೇಶಿಸಲಿಲ್ಲ. ಸಭಿಕರು ಎಡವುವುದು ಇಲ್ಲೇ.

ನೆದರ್‌ಲ್ಯಾಂಡ್ಸ್‌ನ ಹೇಗ್‌ ನಗರದಲ್ಲಿರುವ ಎರಡು ನ್ಯಾಯಾಲಯಗಳನ್ನೂ ಮೊದಲೇ ಬೇರ್ಪಡಿಸಿ ಹೇಳಿ: ಜಾಧವ್ ತೀರ್ಪು ಕೊಟ್ಟ ಅಂತರರಾಷ್ಟ್ರೀಯ ನ್ಯಾಯಾಲಯ ದೇಶಗಳ ವ್ಯಾಜ್ಯ ಕೇಳುತ್ತದೆ, 1998ರ ರೋಮ್ ಶಾಸನದಿಂದ ಬಂದ ಕ್ರಿಮಿನಲ್ ಕೋರ್ಟು ವ್ಯಕ್ತಿಗಳನ್ನು ವಿಚಾರಿಸುತ್ತದೆ. ಆ ಶಾಸನಕ್ಕೆ ಭಾರತ ಸೇರಿಲ್ಲ.

ಐದಾರು ಪ್ರಶ್ನೆಗಳನ್ನು ವಾರ ಮುಂಚೆ ಕಳಿಸಿ. ವಿದ್ವಾಂಸರಿಗೆ ‘ನಿಯಮ ಹೀಗೇಕೆ?’, ವಕೀಲರಿಗೆ ‘ತೀರ್ಪಿನ ಮರುದಿನ ಏನಾಗುತ್ತದೆ?’ ಎಂದು ಕೇಳಿ. ವಕೀಲರು ನಡೆಸುತ್ತಿರುವ ಕೇಸಿನ ಬಗ್ಗೆ ಬೇಡ, ಅವರು ಬಾಯಿ ಬಿಡುವಂತಿಲ್ಲ.

ಹೆಚ್ಚು ಹೊತ್ತು ಕೊಡಬೇಕಾದ ಪ್ರಶ್ನೆ ಒಂದಿದೆ: ಸೋತ ದೇಶ ಆದೇಶ ಪಾಲಿಸದಿದ್ದರೆ? ವಿಶ್ವಸಂಸ್ಥೆಯ ಸನ್ನದಿನ 94ನೇ ವಿಧಿ ಭದ್ರತಾ ಮಂಡಳಿಯತ್ತ ಕೈ ತೋರಿಸುತ್ತದೆ, ಅಲ್ಲಿ ಐದು ದೇಶಗಳ ವೀಟೋ ಇದೆ. ಇದಕ್ಕೆ ಕನಿಷ್ಠ ಅರ್ಧ ಗಂಟೆ ಮೀಸಲಿಡಿ. ಸಭಿಕರ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆಸಿಕೊಂಡರೆ ಮೈಕಿನ ಮುಂದೆ ಉಪನ್ಯಾಸ ಶುರುವಾಗುವುದಿಲ್ಲ.